ಬೀಳಕೂಡದೆಂಬ ಆಜ್ಞೆ

"ಇನ್ನು ಮುಂದೆ ನಮ್ಮ ಗೋಪುರದಿಂದ ಯಾರೂ ಬೀಳುವುದಿಲ್ಲ ಪ್ರಭು. ಬೀಳಕೂಡದು ಎಂದು ಆಜ್ಞೆ ಮಾಡಿಬಿಡೋಣ. ಬಿದ್ದವನಿಗೆ ಗಡೀಪಾರು," ಎಂದು ದಳವಾಯಿ ರಣಮಲ್ಲಯ್ಯ ಮೀಸೆ ತಿರುವಿದ.

ಜಡೆಗಿರಿಯ ದೊರೆ ಬೊಮ್ಮಲಿಂಗ ನಾಯಕ ಏಳಂತಸ್ತಿನ ಕಾವಲು ಗೋಪುರ ಕಟ್ಟಿಸುತ್ತಿದ್ದ. ಉಸ್ತುವಾರಿ ದಳವಾಯಿಯದು. ಗೋಡೆಯ ಸುತ್ತ ಬಿದಿರಿನ ಸಾರುವೆ ಕಟ್ಟಿ, ಒಂದೊಂದೇ ಹಲಗೆ ಹಾಸಿದ್ದರು. ಗಾರೆಯವರು ಅದರ ಮೇಲೆ ನಿಂತು ಕೆಲಸ ಮಾಡಬೇಕು. ಹಿಡಿದುಕೊಳ್ಳಲು ಗಾಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದೇ ತಿಂಗಳಲ್ಲಿ ಮೂವರು ಉದುರಿದ್ದರು. ಮೂವರೂ ಮರಳಿನ ರಾಶಿಯ ಮೇಲೆ ಬಿದ್ದು ಬದುಕಿಕೊಂಡದ್ದು ಅವರವರ ಪುಣ್ಯ.

ದೊರೆಗೆ ಉಪಾಯ ಹಿಡಿಸಿತು. ಆಸ್ಥಾನದಲ್ಲಿ ಆಜ್ಞೆಗಳನ್ನು ಬರೆಯುವವನು ಕರಣಿಕ ಲಕುಮಯ್ಯ. ಅವನು ತುಟಿ ಕಚ್ಚಿಕೊಂಡು ನಗು ತಡೆದು ಬರೆದ. ದಳವಾಯಿ ಅದನ್ನು ಓದಿ ಪೇಟೆಯಲ್ಲೆಲ್ಲ ಡಂಗುರ ಹೊಡೆಸಿದ್ದೂ ಆಯಿತು.

ಮೂರನೆಯ ದಿನ ಗಾರೆಯ ದ್ಯಾವಪ್ಪ ಬಾಂಡಲಿ ಸಮೇತ ಮೂರನೆಯ ಅಂತಸ್ತಿನಿಂದ ಬಿದ್ದ. ಕಾಲು ಮುರಿಯಿತು. ಅವನನ್ನು ಮಂಚದ ಮೇಲೆ ಹೊತ್ತು ಆಸ್ಥಾನಕ್ಕೆ ತಂದರು.

"ಯಾಕಯ್ಯಾ ಬಿದ್ದೆ?" ಎಂದು ದೊರೆ ಕೇಳಿದ.

"ಬೇಕಂತ ಬೀಳ್ಲಿಲ್ಲ ಬುದ್ಧಿ. ಹಲಗೆ ಮಗುಚ್ಕೊಳ್ತು."

"ಆಜ್ಞೆ ನೆನಪಿರಲಿಲ್ಲವೇನು?" ಎಂದು ದಳವಾಯಿ ಗದರಿದ.

"ನೆನಪಾಯ್ತು ಬುದ್ಧಿ. ಆದ್ರೆ ಅಷ್ಟೊತ್ತಿಗೆ ಅರ್ಧ ದಾರಿ ಬಂದ್ಬಿಟ್ಟಿದ್ದೆ."

ಸಭೆ ನಕ್ಕಿತು. ದಳವಾಯಿ ನಗಲಿಲ್ಲ. "ಸೂರ್ಯ ಮುಳುಗುವುದರೊಳಗೆ ಹೆಂಡತಿ ಮಕ್ಕಳ ಸಮೇತ ಇವನು ಗಡಿ ದಾಟಬೇಕು ಪ್ರಭು. ಆಜ್ಞೆ ಎಂದರೆ ಆಜ್ಞೆ."

ನಿಲ್ಲಲಾರದವನನ್ನು ನಡೆಸಿಕೊಂಡು ಹೋಗುವ ಮಾತು ಕೇಳಿ ಲಕುಮಯ್ಯ ಓಲೆಗರಿ ಕೆಳಗಿಟ್ಟ. ಎದ್ದು ಕೈಮುಗಿದ.

"ದ್ಯಾವಪ್ಪ ಆಜ್ಞೆ ಮೀರಿಯೇ ಇಲ್ಲ ಪ್ರಭು. ಡಂಗುರ ಹೊಡೆಯದ ಕಡೆ ಆಜ್ಞೆ ನಡೆಯುವುದಿಲ್ಲ, ಅದು ನಮ್ಮ ನಾಡಿನ ಪದ್ಧತಿ. ಪೇಟೆಯಲ್ಲಿ ಹೊಡೆಸಿದಿರಿ. ಪೇಟೆಯಲ್ಲಿ ಒಬ್ಬನಾದರೂ ಗೋಪುರದಿಂದ ಬಿದ್ದನೇ? ಸಾರುವೆಯ ಮೇಲೆ ಯಾರೂ ಹೊಡೆಯಲಿಲ್ಲ."

ದೊರೆ ತಲೆ ಕೆರೆದುಕೊಂಡ. "ಅದೂ ನಿಜ. ಮೇಲೂ ಹೊಡೆಸಿದರಾಯಿತು."

"ಆಜ್ಞೆ ಬೇಕೆಂದು ಕೇಳಿದ ದಳವಾಯಿಗಳೇ ಅಲ್ಲೂ ಓದಬೇಕು ಪ್ರಭು. ತಮಟೆಯ ಮೊದಲ ಏಟಿನಿಂದ ಕೊನೆಯ ಏಟಿನವರೆಗೆ ಅವರ ಬಾಯಿಂದ ಬಂದದ್ದೆಲ್ಲ ಆಜ್ಞೆಯೇ. ಒಂದಕ್ಷರ ಬಿಡದೆ ಬರೆದುಕೊಳ್ಳುವುದು ನನ್ನ ಕೆಲಸ. ಏಳೂ ಅಂತಸ್ತಿನಲ್ಲಿ ಓದಿ ಮುಗಿಸಲಿ, ಆಮೇಲೆ ದ್ಯಾವಪ್ಪನ ವಿಚಾರ."

"ಆನೆಯ ಮೇಲೆ ಕೂತು ಯುದ್ಧ ಮಾಡಿದವನು ನಾನು. ನಾಲ್ಕು ಬಿದಿರಿಗೆ ಹೆದರುತ್ತೇನೆಯೇ?" ಎಂದ ದಳವಾಯಿ.

ಮರುದಿನ ಬೆಳಿಗ್ಗೆ ಊರಿಗೆ ಊರೇ ಗೋಪುರದ ಬುಡದಲ್ಲಿ ನೆರೆಯಿತು. ದ್ಯಾವಪ್ಪನನ್ನೂ ಮಂಚದ ಸಮೇತ ಹೊತ್ತು ತಂದರು. ತಮಟೆಯವನು ತಮಟೆಯನ್ನು ಬೆನ್ನಿಗೆ ಕಟ್ಟಿಕೊಂಡು ಮುಂದೆ ಹತ್ತಿದ, ಹಿಂದೆ ದಳವಾಯಿ. ಲಕುಮಯ್ಯ ಓಲೆಗರಿ ಹಿಡಿದು ಕೆಳಗೇ ಒಂದು ಕಲ್ಲಿನ ಮೇಲೆ ಕೂತ.

"ನೀನು ಹತ್ತುವುದಿಲ್ಲವೋ?" ಎಂದ ದೊರೆ.

"ನನಗೆ ಇಲ್ಲಿಂದಲೇ ಚೆನ್ನಾಗಿ ಕೇಳಿಸುತ್ತದೆ ಪ್ರಭು."

ಮೊದಲ ಅಂತಸ್ತಿನಲ್ಲಿ ದಳವಾಯಿ ಓದಿದ್ದು ಪಕ್ಕದ ಊರಿಗೂ ಕೇಳಿಸಿತು. ಎರಡನೆಯದರಲ್ಲಿ ದನಿ ತೆಳ್ಳಗಾಯಿತು. ಮೂರನೆಯದರಲ್ಲಿ ಹಲಗೆ ಕೊಂಚ ಅಲುಗಿತು. ದಳವಾಯಿಯ ಮೊಣಕಾಲುಗಳು ಒಂದಕ್ಕೊಂದು ಬಡಿದುಕೊಳ್ಳುವುದು ಕೆಳಗಿನವರಿಗೂ ಕಾಣಿಸಿತು.

"ಅಯ್ಯೋ ಅವ್ವಾ," ಎಂದ.

ಲಕುಮಯ್ಯ ಅದನ್ನೂ ಬರೆದುಕೊಂಡ.

"ಯಾರಲ್ಲಿ?" ಎಂದು ದಳವಾಯಿ ಕೂಗಿದ. "ಪಕ್ಕಕ್ಕೆ ಇನ್ನೆರಡು ಹಲಗೆ ಹಾಕಿ ಬಿಗಿಯಾಗಿ ಕಟ್ಟಿ. ಸೊಂಟದ ಎತ್ತರಕ್ಕೆ ಅಡ್ಡ ಬಿದಿರು ಕಟ್ಟಿ. ಇಲ್ಲಷ್ಟೇ ಅಲ್ಲ, ಮೇಲಿನವರೆಗೂ."

ರಾಜಾಜ್ಞೆಯಲ್ಲವೇ, ಗಾರೆಯವರು ಓಡಿ ಓಡಿ ಕಟ್ಟಿದರು. ಅವರು ಅಷ್ಟು ಹುರುಪಿನಿಂದ ಕೆಲಸ ಮಾಡಿದ್ದನ್ನು ಊರು ಹಿಂದೆಂದೂ ನೋಡಿರಲಿಲ್ಲ.

ನಾಲ್ಕನೆಯದರಲ್ಲಿ ದಳವಾಯಿ ಬಿದಿರನ್ನು ತಬ್ಬಿಕೊಂಡು ಬಿಡಲೊಲ್ಲ. "ಸೊಂಟಕ್ಕೆ ಹಗ್ಗ ಕಟ್ಟಿ. ಬಿದಿರಿಗೆ ಬೇಡ, ಗೋಪುರದ ಕಲ್ಲುಕಂಬಕ್ಕೇ ಬಿಗಿಯಿರಿ." ಐದನೆಯದರಲ್ಲಿ ಕೆಳಗೆ ನೋಡಿದ. ನೋಡಬಾರದಿತ್ತು. "ಬಲೆ ತನ್ನಿ. ಹಂದಿ ಹಿಡಿಯುವ ಬಲೆಯಾದರೂ ಸರಿ, ಸುತ್ತಲೂ ಹರಡಿ." ಆರನೆಯದರಲ್ಲಿ ಸುಯ್ಯೆಂದು ಗಾಳಿ ಬೀಸಿತು. "ಗಾಳಿಯಲ್ಲಿ ಯಾವ ಮೂರ್ಖ ಮನುಷ್ಯರನ್ನು ಇಷ್ಟು ಮೇಲಕ್ಕೆ ಹತ್ತಿಸುತ್ತಾನೆ?" ಎಂದು ಅಳುವ ದನಿಯಲ್ಲಿ ಕೂಗಿದ. ಗಾಳಿ ನಿಲ್ಲುವವರೆಗೂ ಎಲ್ಲರೂ ಕಾದರು. ಮೂರ್ಖ ಎಂಬ ಮಾತನ್ನು ಲಕುಮಯ್ಯ ದುಂಡಗೆ ಬರೆದುಕೊಂಡ.

ಏಳನೆಯದರಲ್ಲಿ ದಳವಾಯಿ ಓದಿದ್ದು ತಮಟೆಯವನಿಗೆ ಮಾತ್ರ ಕೇಳಿಸಿತು. ಕೊನೆಯ ಏಟು ಬಿತ್ತು.

ನೆಲ ಮುಟ್ಟಿದ್ದೇ ತಡ, ದಳವಾಯಿಯ ದನಿ ಮರಳಿ ಬಂತು. "ಸಾರಿದ್ದು ಮುಗಿಯಿತು. ಆ ಹಗ್ಗ, ಬಲೆ, ಅಡ್ಡ ಬಿದಿರು ಎಲ್ಲ ಬಿಚ್ಚಿ. ದ್ಯಾವಪ್ಪನನ್ನು ಗಡಿಯಾಚೆ ಹಾಕಿ."

"ಆಗಲಿ ಬುದ್ಧಿ," ಎಂದ ಲಕುಮಯ್ಯ. "ಬಿಚ್ಚಬೇಕಾದರೆ ಹೊಸ ಆಜ್ಞೆ ಬೇಕು. ಒಂದೊಂದು ಅಂತಸ್ತಿನದನ್ನು ಬಿಚ್ಚಿಸುತ್ತಾ ನೀವೇ ಮೇಲಿನವರೆಗೆ ಓದಿಕೊಂಡು ಹೋಗಬೇಕು. ಈಗಲೇ ಹತ್ತುತ್ತೀರಾ?"

ದಳವಾಯಿ ಒಮ್ಮೆ ಮೇಲೆ ನೋಡಿ, ಅಲ್ಲೇ ಮರಳಿನ ಮೇಲೆ ಕುಳಿತುಬಿಟ್ಟ.

ದೊರೆ ಓಲೆಗರಿಯನ್ನು ಇಸಿದುಕೊಂಡು ಮೊದಲಿನಿಂದ ಓದಿದ. 'ಅಯ್ಯೋ ಅವ್ವಾ' ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ದ್ಯಾವಪ್ಪನ ಮಂಚದ ಬಳಿಗೆ ಹೋದ.

"ನಿನ್ನದೇನೂ ತಪ್ಪಿಲ್ಲಪ್ಪ. ನೀನು ಬಿದ್ದಾಗ ಮೇಲೆ ಇದು ಯಾವುದೂ ಇರಲಿಲ್ಲ, ಅದು ನನ್ನ ತಪ್ಪು. ಕಾಲು ಕೂಡುವವರೆಗೆ ಅಕ್ಕಿ ಬೇಳೆ ಅರಮನೆಯಿಂದ ಬರುತ್ತದೆ, ಸುಮ್ಮನೆ ಮಲಗಿರು." ಆಮೇಲೆ ದಳವಾಯಿಯ ಕಡೆ ತಿರುಗಿದ. "ಇಷ್ಟು ಒಳ್ಳೆಯ ಆಜ್ಞೆ ಮೊದಲೇ ನಿನ್ನ ತಲೆಗೆ ಯಾಕೆ ಹೊಳೆಯಲಿಲ್ಲ?"

ದಳವಾಯಿ ಬಾಯಿ ತೆರೆಯುವ ಮೊದಲೇ ಲಕುಮಯ್ಯ ಹೇಳಿದ: "ಈಗಲೂ ತಲೆಗೆ ಹೊಳೆದಿಲ್ಲ ಪ್ರಭು. ಹೊಳೆದದ್ದು ಮೊಣಕಾಲಿಗೆ."