ಕಂಪನಿ ಮುದ್ರೆಯ ಪೈಪು

"ಮೇಸ್ತ್ರೀ, ಈ ಹಳೇ ಸ್ಪೋರ್ಟ್ಸ್ ಕಾರುಗಳ ಬೆಲೆ ಇನ್ನೂ ಏರುತ್ತದೆಯೇ?" ಎಂದು ಚೆಲುವರಾಜು ಕೇಳಿದ.

ಕೈ ಒರೆಸಿಕೊಳ್ಳುತ್ತಿದ್ದ ಜವರಯ್ಯ ಮೇಸ್ತ್ರಿ ತಲೆ ಎತ್ತಿದರು. ಚೆಲುವರಾಜು ಹನ್ನೆರಡು ವರ್ಷ ಅವರ ಬಳಿ ಕೆಲಸ ಕಲಿತವನು. ಈಗ ಪಕ್ಕದ ರಸ್ತೆಯಲ್ಲಿ ಅವನದೇ ಗ್ಯಾರೇಜು.

"ಯಾಕೋ, ಕೊಳ್ಳೋಕೆ ಹೊರಟೆಯಾ? ಸ್ಕೂಟರಿಗೆ ಟಯರ್ ಹಾಕಿಸೋಕೆ ಮೂರು ತಿಂಗಳು ಯೋಚನೆ ಮಾಡಿದ ಗಿರಾಕಿ ನೀನು. ಇರೋದನ್ನ ಹೇಳು."

ಚೆಲುವರಾಜು ಹೇಳಿದ. ಡಾಕ್ಟರೊಬ್ಬರ ಎರಡು ಸೀಟಿನ ಹಳೆಯ ಕಾರು ಅವನ ಗ್ಯಾರೇಜಿನಲ್ಲಿದೆ. ಮುಂದಿನ ಚಕ್ರದ ಬ್ರೇಕಿಗೆ ಹೋಗುವ ರಬ್ಬರ್ ಪೈಪು ಉಬ್ಬಿದೆ. ಕಂಪನಿ ಮುದ್ರೆಯ ಹೊಸ ಪೈಪು ಈಗ ಎಲ್ಲೂ ಸಿಗುವುದಿಲ್ಲ. ಬದಲಾಯಿಸಬೇಡ, ಕಂಪನಿ ಮುದ್ರೆ ಇರುವ ಪೈಪೇ ಇರಲಿ, ಹತ್ತು ವರ್ಷಕ್ಕೆ ಈ ಕಾರು ಬಂಗಾರವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಾಲ್ಕು ಗಂಟೆಗೆ ಬಂದು, ಹೆಂಡತಿಯನ್ನು ಕೂರಿಸಿಕೊಂಡು ಘಟ್ಟ ಇಳಿಯುತ್ತಾರೆ.

"ಬೆಲೆ ಏರುವುದು ನಿಜವಾದರೆ ಅವರ ಮಾತಿನಲ್ಲೂ ನ್ಯಾಯ ಇದೆಯಲ್ಲ, ಮೇಸ್ತ್ರೀ?"

ಮೇಸ್ತ್ರಿ ಗಡಿಯಾರ ನೋಡಿದರು. ಮೂರು ಗಂಟೆಯಾಗಿತ್ತು. ಆಮೇಲೆ ಗೋಡೆಯ ಕಡೆ ನೋಡಿದರು. ಅಲ್ಲಿ ಒಂದು ಮೊಳೆಗೆ ಹಳದಿಯಾದ ಕಾಗದದ ಪೊಟ್ಟಣ ನೇತಾಡುತ್ತಿತ್ತು. ಆಯುಧಪೂಜೆಗೆ ಗ್ಯಾರೇಜು ತೊಳೆಯುವಾಗಲೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ಕೂತ್ಕೋ. ಒಂದು ಕತೆ ಹೇಳ್ತೀನಿ, ಮಧ್ಯೆ ಬಾಯಿ ಹಾಕಬೇಡ" ಎಂದರು.

ಒಬ್ಬ ವರ್ತಕನಿದ್ದ. ಅವನ ಬಳಿ ಇಂಥದ್ದೇ ಒಂದು ಕಾರಿತ್ತು. ಹಳೆಯ ಕಾರುಗಳ ಪ್ರದರ್ಶನದಲ್ಲಿ ಒಂದು ರಿವಾಜಿದೆ. ತೀರ್ಪುಗಾರರು ಟಾರ್ಚು ಹಿಡಿದು ಕಾರಿನ ಕೆಳಗೆ ಮಲಗುತ್ತಾರೆ. ಒಂದೊಂದು ಸಾಮಾನಿನ ಮೇಲೂ ಕಂಪನಿ ಮುದ್ರೆ ಹುಡುಕುತ್ತಾರೆ. ಮುದ್ರೆ ಇಲ್ಲದಿದ್ದರೆ ಅಂಕ ಹೋಯಿತು, ಅಂಕದ ಜೊತೆ ಬೆಲೆಯೂ ಹೋಯಿತು. ಅಲ್ಲಪ್ಪ, ಮನುಷ್ಯ ಕೂತು ಹೋಗುವ ಗಾಡಿಯೋ ಅದು, ಇಲ್ಲಾ ಪತ್ರದ ಮೇಲಿನ ಸೀಲೋ?

ಆ ಕಾರಿನ ಬ್ರೇಕ್ ಪೈಪೂ ಉಬ್ಬಿತ್ತು. ಮೆಕ್ಯಾನಿಕ್ ಒಬ್ಬ ಅದನ್ನು ನೋಡಿ, ಇದು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ ಎಂದ. ವರ್ತಕ ಒಪ್ಪಲಿಲ್ಲ. ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಓಡಿಸುವ ದಿನ ಮುದ್ರೆ ಇಲ್ಲದ ಹೊಸ ಪೈಪು, ತೋರಿಸುವ ದಿನ ಹಳೆಯ ಪೈಪು. ಮಹಾ ಬುದ್ಧಿವಂತರು!

ಬೆಟ್ಟದ ಮೇಲಿನ ಊರಿನಲ್ಲಿ ಪ್ರದರ್ಶನ. ಹೊಸ ಪೈಪಿನಲ್ಲೇ ಹತ್ತಿದರು. ಮೇಲೆ ಹೋಗಿ ಹಳೆಯದನ್ನು ಹಾಕಿದರು. ಕಾರಿಗೆ ಮೊದಲ ಬಹುಮಾನ ಬಂತು. ಹಾರ ಬಿತ್ತು. ದೊಡ್ಡ ಸಾಹುಕಾರನೊಬ್ಬ ಬಂದು ಒಂದು ಬೆಲೆ ಹೇಳಿ, ಇದನ್ನು ನಾನೇ ಕೊಳ್ಳುತ್ತೇನೆ, ನಿಮ್ಮ ಹಿಂದೆಯೇ ಇಳಿದು ಬರುತ್ತೇನೆ, ಮನೆಯಲ್ಲಿ ಮಾತು ಮುಗಿಸೋಣ ಎಂದ.

ಮೆಕ್ಯಾನಿಕ್ ಹೊಸ ಪೈಪು ಹಿಡಿದು ಕಾರಿನ ಬಳಿ ಬಂದ. "ಅರ್ಧ ಗಂಟೆ ಕೊಡಿ ಸ್ವಾಮಿ, ಬದಲಾಯಿಸಿ, ಬ್ರೇಕ್ ಎಣ್ಣೆಯೊಳಗಿನ ಗಾಳಿ ತೆಗೆದುಬಿಡ್ತೀನಿ."

ವರ್ತಕ ಅವನ ಕೈ ಅದುಮಿದ. "ಒಳಗಿಡಯ್ಯ ಅದನ್ನ! ಸಾಹುಕಾರರು ನೋಡ್ತಿದ್ದಾರೆ. ಇಪ್ಪತ್ತು ತಿರುವು ತಾನೇ? ನಿಧಾನವಾಗಿ ಇಳೀತೀನಿ."

ಆಗಲೇ ವರ್ತಕನ ಮಗಳು ಬಂದು ಪಕ್ಕದ ಸೀಟಿನಲ್ಲಿ ಕೂತಳು. ಹಾರದಿಂದ ಒಂದು ಸೇವಂತಿಗೆ ಕಿತ್ತು ಮುಡಿದುಕೊಂಡಳು. ಮೆಕ್ಯಾನಿಕ್ ಅವಳನ್ನು ನೋಡಿದ. ಕೂಗಿ ಹೇಳಬಹುದಿತ್ತು. ಕೀಲಿ ಕಿತ್ತುಕೊಳ್ಳಬಹುದಿತ್ತು. ತನ್ನ ಗಿರಾಕಿಯಾದ ವರ್ತಕ ಕೈಬಿಟ್ಟು ಹೋಗುತ್ತಾನೆಂದು ಹೆದರಿದ ಹೇಡಿ, ಪೈಪನ್ನು ಚೀಲದೊಳಗಿಟ್ಟ.

ಅವನು ಸಾಹುಕಾರನ ಕಾರಿನಲ್ಲಿ ಹಿಂದೆ ಬಂದ. ಮೊದಲ ತಿರುವಿನಲ್ಲಿ ಮುಂದಿನ ಕಾರಿನ ಕೆಂಪು ದೀಪ ಹೊತ್ತಿತು, ಕಾರು ನಿಧಾನವಾಯಿತು. ಎರಡನೆಯದರಲ್ಲೂ ಹಾಗೆಯೇ ಆಯಿತು. ಹೀಗೆ ಒಂಬತ್ತು ತಿರುವು ಎಣಿಸಿದ. ಹತ್ತನೆಯದರಲ್ಲಿ ದೀಪ ಹೊತ್ತಿತು, ಕಾರು ನಿಧಾನವಾಗಲಿಲ್ಲ. ದೀಪ ಆರಿತು, ಮತ್ತೆ ಹೊತ್ತಿತು, ಮತ್ತೆ ಆರಿತು. ವರ್ತಕ ತುಳಿಯುತ್ತಲೇ ಇದ್ದ. ಕೈಬ್ರೇಕಿಗೆ ಆ ಇಳಿಜಾರು ಬಗ್ಗಲಿಲ್ಲ. ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡಿದಳು. ಕಾರು ಎಡಗಡೆಯ ಬಂಡೆಗೆ ಹೊಡೆಯಿತು.

ವರ್ತಕ ಬದುಕಿದ. ಮಗಳು ಉಳಿಯಲಿಲ್ಲ.

ಮೇಸ್ತ್ರಿ ಕೈ ಒರೆಸುವ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಬೆಲೆ ಕೇಳಿದೆಯಲ್ಲ, ಅದನ್ನೂ ಹೇಳ್ತೀನಿ" ಎಂದರು. "ಜಜ್ಜಿದ ಆ ಕಾರನ್ನು ಯಾರೋ ಕೊಂಡು ರಿಪೇರಿ ಮಾಡಿಸಿದರು. ಹದಿನೈದು ವರ್ಷದ ಮೇಲೆ ಮಾರಿದಾಗ, ಸಾಹುಕಾರ ಹೇಳಿದ್ದರ ಹತ್ತು ಪಟ್ಟು ಬಂತಂತೆ. ಏರುತ್ತೆ ಕಣೋ. ಅದರಲ್ಲಿ ನಿನ್ನ ಡಾಕ್ಟರ್ ಹೇಳಿದ್ದು ಸುಳ್ಳಲ್ಲ."

ಚೆಲುವರಾಜು ತಡೆದು ತಡೆದು ಕೇಳಿದ. "ಆ ಮೆಕ್ಯಾನಿಕ್ ಏನಾದ, ಮೇಸ್ತ್ರೀ?"

ಮೇಸ್ತ್ರಿ ಎದ್ದರು. ಮೊಳೆಯಿಂದ ಪೊಟ್ಟಣ ತೆಗೆದು ಕಾಗದ ಬಿಚ್ಚಿದರು. ಕಂಪನಿ ಮುದ್ರೆ ಇಲ್ಲದ ಬ್ರೇಕ್ ಪೈಪೊಂದು ಒಳಗಿತ್ತು. ರಬ್ಬರು ಒಣಗಿ ಕಟ್ಟಿಗೆಯಾಗಿತ್ತು. ಅದನ್ನು ಶಿಷ್ಯನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಿಸಿದರು.

"ನಾಲ್ಕು ಗಂಟೆಗೆ ಇನ್ನೂ ಮುಕ್ಕಾಲು ಗಂಟೆ ಇದೆ; ಅಷ್ಟರೊಳಗೆ ಇದರ ಬೆಲೆ ಎಷ್ಟು ಅಂತ ನೀನು ನನಗೆ ಹೇಳು."