ಒಂದು ಹಿಡಿ ಕೆಸರು

“ಗುರುಗಳೇ, ಒಂದೇ ಸಿಟ್ಟನ್ನು ಮನುಷ್ಯ ಎಷ್ಟು ಸಲ ಕಿತ್ತು ಹಾಕಬೇಕು?” ಎಂದು ಶಿಷ್ಯ ಕೇಳಿದ.

ತಾಯಿ ತೀರಿಕೊಂಡಾಗ ಅವನು ದೂರದ ಊರಿನಲ್ಲಿದ್ದ. ಬಂದು ತಲುಪುವಷ್ಟರಲ್ಲಿ ಅಣ್ಣ ಚಿತೆಗೆ ಬೆಂಕಿ ಇಟ್ಟಾಗಿತ್ತು. ತಾಯಿಯ ಮುಖ ನೋಡಲು ಸಿಗಲಿಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಅವನು ಮಠಕ್ಕೆ ಬಂದಿದ್ದ. ಏಳು ವರ್ಷ ಕಳೆದಿತ್ತು. ಈಗ ಅಣ್ಣ ಹಾಸಿಗೆ ಹಿಡಿದಿದ್ದ, ಒಮ್ಮೆ ಬಂದು ಹೋಗು ಎಂದು ಹೇಳಿ ಕಳಿಸಿದ್ದ.

“ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂತು ಆ ಸಿಟ್ಟನ್ನು ಹುಡುಕುತ್ತೇನೆ. ಯಾವ ಹೊತ್ತಿಗೆ ಬೆಂಕಿ ಇಟ್ಟ, ಯಾರು ಯಾರು ನಿಂತಿದ್ದರು, ನನ್ನನ್ನು ಕಂಡಾಗ ಏನೆಂದ, ಎಲ್ಲವನ್ನೂ ನೆನೆದು ಬುಡಸಹಿತ ಹೊರಗೆ ಹಾಕುತ್ತೇನೆ. ಮರುದಿನ ನೋಡಿದರೆ ಅದೇ ಜಾಗದಲ್ಲಿ ಇನ್ನೊಂದು ಕೂತಿರುತ್ತದೆ, ನಿನ್ನೆಯದಕ್ಕಿಂತ ದಪ್ಪವಾಗಿ. ಅದು ಪೂರ್ತಿ ಹೋಗಲಿ, ಆಮೇಲೆ ಅಣ್ಣನನ್ನು ನೋಡಿ ಬರುತ್ತೇನೆ.”

ಗುರು ಕಡಲ ಕಡೆಯ ಊರಿನಲ್ಲಿ ಹುಟ್ಟಿದವರು.

“ನೀನು ಏಡಿ ತಿಂದಿದ್ದೀಯಾ?” ಎಂದು ಕೇಳಿದರು.

ಶಿಷ್ಯ ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿದ. ಆ ಮಠದಲ್ಲಿ ಈರುಳ್ಳಿಯ ಹೆಸರನ್ನೂ ಮೆಲ್ಲಗೆ ಹೇಳುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದ.

“ಹಾಗಾದರೆ ಅರ್ಧ ಕತೆ ನಿನ್ನ ನಾಲಿಗೆಗೆ ಹತ್ತುವುದಿಲ್ಲ. ಇರಲಿ, ಕೇಳು” ಎಂದು ಗುರು ಹೇಳತೊಡಗಿದರು.

ನದಿ ಸಮುದ್ರವನ್ನು ಸೇರುವ ಅಳಿವೆಯ ದಡದಲ್ಲಿ ಒಬ್ಬ ಏಡಿ ಹಿಡಿಯುವವನಿದ್ದ. ಮನೆಯಲ್ಲಿ ಅವನು ಮತ್ತು ಹೆಂಡತಿ, ಇಬ್ಬರೇ. ಹಿಡಿಯುವುದರಲ್ಲಿ ಅವನು ಗಟ್ಟಿಗ, ತಿನ್ನುವುದರಲ್ಲಿ ಇನ್ನೂ ಗಟ್ಟಿಗ. ಗದ್ದೆಯ ಏಡಿ ಶೀತಕ್ಕೆ ಒಳ್ಳೆಯದು, ಜಜ್ಜಿ, ಕರಿಮೆಣಸು ಹಾಕಿ ಸಾರು ಮಾಡಬೇಕು ಎನ್ನುತ್ತಿದ್ದ. ಸಮುದ್ರದ ಏಡಿಯನ್ನು ತೆಂಗಿನತುರಿ ಹಾಕಿ ಸುಕ್ಕ ಮಾಡಬೇಕು ಎನ್ನುತ್ತಿದ್ದ. ಆದರೆ ಅಳಿವೆಯ ಕೆಸರಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಮರದ ಬೇರುಗಳ ನಡುವೆ ಬಿಲ ತೋಡಿಕೊಂಡು ಕೂತಿರುವ ಕಪ್ಪು ಏಡಿಯ ಮಾತು ಬಂದರೆ ಅವನಿಗೆ ಮಾತೇ ನಿಂತುಹೋಗುತ್ತಿತ್ತು. ಅದರ ದೊಡ್ಡ ಕಾಲನ್ನು ಒಡೆದು ಒಳಗಿನ ಮಾಂಸವನ್ನು ಇಡಿಯಾಗಿ ಎಳೆದು ತಿಂದವನಿಗೆ ಬೇರೆ ಊಟ ಬೇಡ. ನಾನೂ ಹುಡುಗನಾಗಿದ್ದಾಗ ತಿಂದಿದ್ದೇನೆ. ಅವನು ಹೇಳುತ್ತಿದ್ದದ್ದು ಸುಳ್ಳಲ್ಲ.

ಆ ಏಡಿಯನ್ನು ಹಿಡಿಯುವುದು ಬರಿಗೈಯಲ್ಲಿ. ನೀರು ಇಳಿದಾಗ ಕೆಸರಿನ ಮೇಲೆ ಮಂಡಿಯೂರಿ, ಬಿಲಕ್ಕೆ ಕೈ ಹಾಕಿ, ಏಡಿಯ ಬೆನ್ನು ಸಿಗುವವರೆಗೆ ತಡಕಬೇಕು. ಹಿಡಿಯುವವರಿಗೆಲ್ಲ ಅಲ್ಲಿ ಒಂದು ಕಟ್ಟಳೆ ಇತ್ತು. ಏಡಿ ತೆಗೆದ ಮೇಲೆ ಬಿಲದ ಬಾಯಿಗೆ ಒಂದು ಹಿಡಿ ಕೆಸರು ತುಂಬಿಯೇ ಏಳಬೇಕು. ಯಾಕೆಂದು ಅವನು ಅಪ್ಪನನ್ನು ಒಮ್ಮೆ ಕೇಳಿದ್ದ. ಖಾಲಿ ಬಿಲ ಸುಮ್ಮನಿರುವುದಿಲ್ಲ, ಯಾರನ್ನಾದರೂ ಕರೆಯುತ್ತದೆ ಎಂದು ಅಪ್ಪ ಹೇಳಿದ್ದ. ಹಳಬರ ಮಾತು. ಅವನು ನಂಬಲಿಲ್ಲ, ಆದರೆ ಕೆಸರು ತುಂಬುವುದನ್ನು ಬಿಟ್ಟಿರಲೂ ಇಲ್ಲ.

ಒಂದು ದಿನ, ಒಂದು ಹಳೆಯ ಮರದ ಬುಡದಲ್ಲಿ ಅಂಗೈಯಗಲದ ಬಿಲ ಕಂಡಿತು. ಮಣಿಕಟ್ಟಿನವರೆಗೆ ಕೈ ಹಾಕಿದ. ಏಡಿ ಸಿಕ್ಕಿತು. ಅಂಥ ಏಡಿಯನ್ನು ಅವನು ಜನ್ಮದಲ್ಲಿ ತಿಂದಿರಲಿಲ್ಲ. ಅಂದು ಹುಣ್ಣಿಮೆ. ಹುಣ್ಣಿಮೆಯ ಏಡಿ ಬರೀ ಚಿಪ್ಪು ಎಂದು ಮೀನು ಮಾರುವ ಹೆಂಗಸರಿಗೆಲ್ಲ ಗೊತ್ತು. ಇದು ಮಾತ್ರ ಒಳಗೆಲ್ಲ ತುಂಬಿಕೊಂಡಿತ್ತು. ಊಟ ಮುಗಿದು ಕೈ ತೊಳೆಯುವಾಗ ಅವನಿಗೆ ನೆನಪಾಯಿತು, ಬಿಲ ಮುಚ್ಚಿರಲಿಲ್ಲ.

ಮರುದಿನ ಮುಚ್ಚಲೆಂದೇ ಹೋದ. ಮುಚ್ಚುವ ಮೊದಲು ಒಮ್ಮೆ ಕೈ ಹಾಕಿ ನೋಡಿದ. ಇನ್ನೊಂದು ಏಡಿ ಇತ್ತು. ನಿನ್ನೆಯದಕ್ಕಿಂತ ಒಂದು ಬೆರಳು ದೊಡ್ಡದು, ಒಂದು ಬೆರಳು ಆಳದಲ್ಲಿ. ಅವನು ಸಂತೋಷದಿಂದ ಮನೆಗೆ ಬಂದ. ಮೂರನೆಯ ದಿನ ಇನ್ನೂ ದೊಡ್ಡದು, ಇನ್ನೂ ಆಳದಲ್ಲಿ. ಬೇರೆ ಬಿಲಗಳ ಕಡೆ ಹೋಗುವುದನ್ನೇ ಅವನು ಬಿಟ್ಟ.

ಅವನ ಕೈ ಆಳಕ್ಕೆ ಇಳಿಯುತ್ತಿರುವುದನ್ನು ಮೊದಲು ಕಂಡವಳು ಹೆಂಡತಿ. ಗಂಡ ಬಂದು ಬಾವಿಕಟ್ಟೆಯ ಬಳಿ ನಿಂತಾಗ ಕೈಗೆ ನೀರು ಹೊಯ್ಯುವವಳು ಅವಳೇ. ಕೆಸರಿನ ಗೆರೆ ಮೊದಲು ಮಣಿಕಟ್ಟಿನಲ್ಲಿತ್ತು. ವಾರ ಕಳೆಯುವಷ್ಟರಲ್ಲಿ ಮೊಣಕೈಗೆ ಬಂತು. ಆಮೇಲೆ ಮೊಣಕೈ ದಾಟಿತು. ಎಷ್ಟು ತಿಕ್ಕಿದರೂ ಗೆರೆ ಹೋಗುತ್ತಿರಲಿಲ್ಲ. ಇನ್ನೊಂದನ್ನು ಅವನೇ ನಗುತ್ತ ಹೇಳಿದ. ಆ ಬಿಲದ ಏಡಿ ಕಚ್ಚುವುದಿಲ್ಲ, ಕೈ ಹಾಕಿದರೆ ಬೆರಳನ್ನು ಮೆತ್ತಗೆ ಹಿಡಿದುಕೊಳ್ಳುತ್ತದೆ. ಅಂದಿನಿಂದ ಅವಳು ಏಡಿ ಬೇಯಿಸಿದಳು, ಬಡಿಸಿದಳು, ತಾನು ಮಾತ್ರ ಗಂಜಿಗೆ ಉಪ್ಪಿನಕಾಯಿ ನೆಂಚಿಕೊಂಡಳು.

ಒಂದು ಮಧ್ಯಾಹ್ನ ಏಡಿ ತೊಳೆಯುತ್ತಿದ್ದಾಗ ಅದರ ದೊಡ್ಡ ಕಾಲಿನಲ್ಲಿ ಏನೋ ಸಿಕ್ಕಿಕೊಂಡಿರುವುದು ಕಂಡಿತು. ಬಿಡಿಸಿ ನೋಡಿದಳು. ಕಪ್ಪು ದಾರ, ದಾರದಲ್ಲಿ ಒಂದು ತಾಯಿತ. ಗಂಡನಿಗೆ ಜ್ವರ ಬಂದಾಗ ಅವಳೇ ತಂದು ಅವನ ರಟ್ಟೆಗೆ ಕಟ್ಟಿದ್ದದ್ದು. ಅವನನ್ನು ಕರೆದು ತೋರಿಸಿದಳು. ಅವನು ತನ್ನ ರಟ್ಟೆಯನ್ನು ಮುಟ್ಟಿ ನೋಡಿಕೊಂಡ. ತಾಯಿತ ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ.

“ಹ್ವಾಯ್, ನಿಮ್ ಕಾಲಿಗೆ ಬೀಳ್ತೆ. ಆ ಬಿಲಕ್ಕೆ ಒಂದ್ ಹಿಡಿ ಕೆಸ್ರ್ ತುಂಬಿ ಬನ್ನಿ. ಅಳಿವೆ ತುಂಬ ಏಡಿ ಇತ್ತಲೆ, ಅದೇ ಎಂತಕೆ?”

“ಎಂತಕೆ ಹೆದರ್ತೆ ಮಾರಾಯ್ತಿ? ನಾಳೆ ಮುಚ್ತೆ. ಇವತ್ತಿಂದ್ ತಿಂಬ.”

ನಾಲಿಗೆಗೆ ನಾಳೆಯಷ್ಟು ಇಷ್ಟವಾದ ಮಾತು ಬೇರೆ ಇಲ್ಲ. ಅವನು ಅಂದಿನದನ್ನೂ ತಿಂದ, ಚಿಪ್ಪನ್ನು ಚೀಪಿ ಇಟ್ಟ.

ಅವನು ಮಲಗಿ ನಿದ್ದೆ ಹೋದಾಗ ಅವಳೇ ಅಳಿವೆಗೆ ಹೋದಳು. ಹಳೆಯ ಮರ ಸಿಕ್ಕಿತು, ಬಿಲ ಸಿಕ್ಕಿತು. ಒಂದು ಹಿಡಿಯಲ್ಲ, ಹತ್ತು ಹಿಡಿ ಕೆಸರು ತುಂಬಿ, ಕಾಲಿನಿಂದ ತುಳಿದು ಬಂದಳು. ಎರಡು ದಿನ ಗಂಡ ಬರಿಗೈಯಲ್ಲಿ ಬಂದ. ಎರಡು ದಿನವೂ ಅವನು ಊಟದ ಮುಂದೆ ಕೂತು ಎದ್ದ, ಅವಳ ಮುಖ ನೋಡಲಿಲ್ಲ. ಮೂರನೆಯ ದಿನ ಮತ್ತೆ ಏಡಿ ತಂದ. ಅವಳು ಓಡಿಹೋಗಿ ನೋಡಿದಳು. ಅವಳು ತುಂಬಿದ್ದ ಕೆಸರನ್ನು ಯಾರೋ ತೋಡಿ ಹೊರಗೆ ಎಸೆದಿದ್ದರು. ಕೆಸರಿನ ಮೇಲೆ ಐದು ಬೆರಳಿನ ಗುರುತು ಮೂಡಿತ್ತು. ಒಂದು ಬೆರಳು ಗಿಡ್ಡ. ಗಂಡನ ಬಲಗೈಯ ಕಿರುಬೆರಳು ಚಿಕ್ಕಂದಿನಲ್ಲೇ ತುಂಡಾಗಿತ್ತು. ಅದು ದೆವ್ವದ ಕೈಯಾಗಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಂದು ಬಾವಿಕಟ್ಟೆಯಲ್ಲಿ ಕೆಸರಿನ ಗೆರೆ ಹೆಗಲಿಗೆ ಬಂದಿತ್ತು. ಅವಳು ನೀರು ಹೊಯ್ದಳು.

ಮರುದಿನ ಅವನು ಹೋದವನು ಬರಲಿಲ್ಲ. ನೀರು ಏರಿತು, ಇಳಿಯಿತು. ನಡುಹಗಲು, ನೆತ್ತಿಯ ಮೇಲೆ ಬಿಸಿಲು. ಅವಳು ಕೆಸರಿನಲ್ಲಿ ನಡೆದು ಆ ಮರದ ಬುಡಕ್ಕೆ ಹೋದಳು. ಅವನ ಬುಟ್ಟಿ ಬೇರಿಗೆ ಸಿಕ್ಕಿಕೊಂಡಿತ್ತು. ತಲೆಗೆ ಸುತ್ತುವ ಬಟ್ಟೆ ಕೊಂಬೆಯಲ್ಲಿ ಒಣಗಿಹಾಕಿದ ಹಾಗೇ ಇತ್ತು. ಅವನು ಎಲ್ಲಿಯೂ ಇರಲಿಲ್ಲ. ದಿನಾ ಹೆಗಲವರೆಗೆ ಕೈ ಇಳಿಸಿದ ಬಿಲ ಎಷ್ಟು ದೊಡ್ಡದಾಗಿದೆಯೋ ಎಂದು ಅವಳು ಬಗ್ಗಿ ನೋಡಿದಳು. ಅದು ಮೊದಲ ದಿನದಷ್ಟೇ ಇತ್ತು. ಅಂಗೈಯಗಲ.

ಅವಳು ಅವನನ್ನು ಕೂಗಿ ಕರೆದಳು. ಉತ್ತರವಿಲ್ಲ. ಮಂಡಿಯೂರಿ ಬಿಲಕ್ಕೆ ಕೈ ಹಾಕಿದಳು. ಮಣಿಕಟ್ಟಿನವರೆಗೆ ಹೋಯಿತು. ಒಳಗಿನಿಂದ ಏನೋ ಅವಳ ಬೆರಳನ್ನು ಹಿಡಿದುಕೊಂಡಿತು. ಕಚ್ಚಲಿಲ್ಲ. ಮೆತ್ತಗೆ ಹಿಡಿದುಕೊಂಡಿತು. ಹಿಡಿದದ್ದರಲ್ಲಿ ಒಂದು ಗಿಡ್ಡವಾಗಿತ್ತು.

ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಯಾರಿಗೂ ಗೊತ್ತಿಲ್ಲ. ನೀರು ಮತ್ತೆ ಏರತೊಡಗಿ ಮಂಡಿಯನ್ನು ಮುಟ್ಟಿತು. ಆಗ ಅವಳು ಒಂದೊಂದೇ ಬೆರಳನ್ನು ಬಿಡಿಸಿಕೊಂಡಳು. ಎಡಗೈಯಲ್ಲಿ ಒಂದು ಹಿಡಿ ಕೆಸರು ತೆಗೆದಳು. ಅವಳಿಗೆ ಎದೆ ಒಡೆದುಹೋಗುವಷ್ಟು ದುಃಖವಾಗಿತ್ತು. ಅಳುತ್ತಲೇ ಬಿಲದ ಬಾಯಿಗೆ ಕೆಸರು ತುಂಬಿ, ಅಂಗೈಯಿಂದ ಒತ್ತಿ, ಎದ್ದು ಮನೆಗೆ ಬಂದಳು. ಆ ಕಡೆಗೆ ಅವಳು ಮತ್ತೆ ಹೋಗಲಿಲ್ಲ. ಮುಪ್ಪಿನವರೆಗೆ ಬದುಕಿದಳು.

ಗುರು ಕತೆ ನಿಲ್ಲಿಸಿದರು.

“ಒಳಗಿದ್ದದ್ದು ಅವನೇನಾ?” ಎಂದು ಶಿಷ್ಯ ಕೇಳಿದ.

“ಅವಳಿಗೂ ನೋಡಬೇಕು ಎನಿಸಿತ್ತು. ನೋಡಬೇಕಾದರೆ ಇನ್ನೊಂದಿಷ್ಟು ಒಳಗೆ ಕೈ ಹಾಕಬೇಕಿತ್ತು.”

ಶಿಷ್ಯನಿಗೆ ಆ ಹೆಂಗಸಿನ ಮೇಲೆ ಮರುಕ ಬಂತು, ಗಂಡನ ಮೇಲೆ ಕೋಪ ಬಂತು.

“ಎಂಥ ಮೂರ್ಖ ಅವನು! ಒಂದು ಹಿಡಿ ಕೆಸರಿನ ಕೆಲಸ. ಕಟ್ಟಿಕೊಂಡವಳು ಕಾಲಿಗೆ ಬಿದ್ದರೂ ದಿನಾ ಹೋಗಿ ಕೈ ಹಾಕುತ್ತಿದ್ದನಲ್ಲ, ತಾನು ಎಷ್ಟು ಆಳಕ್ಕೆ ಹೋಗಿದ್ದೇನೆ ಎಂದು ಅವನಿಗೆ ಒಮ್ಮೆಯೂ ಕಾಣಲಿಲ್ಲವೇ?”

ಗುರು ಅವನ ಬಲಗೈಯನ್ನು ಹಿಡಿದು, ಅಂಗಿಯ ತೋಳನ್ನು ನಿಧಾನವಾಗಿ ಮೇಲಕ್ಕೆ ಸರಿಸುತ್ತ ಕೇಳಿದರು: “ಇವತ್ತು ಬೆಳಿಗ್ಗೆ ಧ್ಯಾನದಲ್ಲಿ ನಿನ್ನ ಕೈ ಎಲ್ಲಿಯವರೆಗೆ ಹೋಗಿತ್ತು?”