ಅಣ್ಣ ಸುತ್ತಿದ ಚುಟ್ಟಾ

"ಗುರುಗಳೇ, ಮುರಿದುಹೋದ ಒಡನಾಟವನ್ನು ಮತ್ತೆ ಕೂಡಿಸಬೇಕಾದರೆ ಮೊದಲು ಏನನ್ನು ಸಿದ್ಧಮಾಡಿಕೊಳ್ಳಬೇಕು?" ಎಂದು ಕರಿಬಸವ ಕೇಳಿದ.

ಅವನು ತನ್ನ ಅಣ್ಣನೊಡನೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ಹೊಸೆಯುವುದು, ಸರಿಬರಲಿಲ್ಲವೆಂದು ಬಿಚ್ಚಿಹಾಕುವುದು, ಮತ್ತೆ ಹೊಸೆಯುವುದು, ಇದೇ ಅವನ ಕೆಲಸವಾಗಿತ್ತು. ಗುರುಗಳಿಗೆ ಅದು ಗೊತ್ತಿತ್ತು.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತರು.

"ಒಂದು ಕತೆ ಹೇಳುತ್ತೇನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಕಲಿಯಬೇಕೆಂದು ನನಗೂ ಆಸೆಯಿತ್ತು, ಆದರೆ ನನಗೆ ಕಲಿಸುವಷ್ಟು ದೊಡ್ಡವರು ಈ ಸೀಮೆಯಲ್ಲಿ ಹುಟ್ಟಲಿಲ್ಲ. ನಾನು ಸುಳ್ಳಾಡಿದರೆ ಈ ಹೊಳೆ ಹಿಂದಕ್ಕೆ ಹರಿಯಬೇಕು. ಹರಿಯುತ್ತಿದೆಯೇ, ನೋಡು."

ಕರಿಬಸವ ಹೊಳೆಯನ್ನು ನೋಡಿದ. "ಇಲ್ಲ, ಗುರುಗಳೇ."

"ಹಾಗಾದರೆ ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರು. ಅಣ್ಣ ಹೊಗೆಸೊಪ್ಪಿನ ಎಲೆಯಿಂದ ಚುಟ್ಟಾ ಸುತ್ತುತ್ತಿದ್ದ. ತಮ್ಮ ಅದನ್ನು ಮಾರುತ್ತಿದ್ದ. ಅಣ್ಣನ ಕೈಯ ಹದ ಎಂಥದೆಂದರೆ, ಹಚ್ಚಿದವನು ಸೇದುವುದನ್ನು ಮರೆತು ಕೂತರೆ ಚುಟ್ಟಾ ತನ್ನನ್ನು ತಾನೇ ಸೇದಿಕೊಳ್ಳುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಂಜೆಯಾದರೆ ಇಬ್ಬರೂ ಹೊಳೆಯ ದಂಡೆಯಲ್ಲಿ ಕೂತು ಒಂದೇ ಚುಟ್ಟಾವನ್ನು ಹಂಚಿಕೊಂಡು ಸೇದುತ್ತಿದ್ದರು. ಮೊದಲ ದಮ್ಮು ಅಣ್ಣನದು, ಎರಡನೆಯದು ತಮ್ಮನದು. ಹೊಗೆ ನೀರಿನ ಮೇಲೆ ಮಲಗಿಕೊಂಡು ನಿಧಾನವಾಗಿ ಆಚೆ ದಡ ಸೇರುತ್ತಿತ್ತು. ಆಚೆಯವರು ಅದನ್ನು ಕಂಡು, ದೀಪ ಹಚ್ಚುವ ಹೊತ್ತಾಯಿತು ಎಂದು ಒಳಗೆ ಹೋಗುತ್ತಿದ್ದರು.

ಒಂದು ಸಂಜೆ ತಮ್ಮ, "ಬೆಂಕಿಕಡ್ಡಿ ನನ್ನದು. ಇವತ್ತು ಮೊದಲ ದಮ್ಮು ನನಗಿರಲಿ" ಎಂದ.

"ಎಲೆ ಯಾರದು?" ಎಂದ ಅಣ್ಣ.

ಅಷ್ಟೇ ನಡೆದದ್ದು. ಎಲೆಯಿಂದ ಕೈಗೆ, ಕೈಯಿಂದ ಗಿರಾಕಿಗಳಿಗೆ, ಅಲ್ಲಿಂದ ಸತ್ತುಹೋದ ಅಪ್ಪ ಯಾರನ್ನು ಹೆಚ್ಚು ಎತ್ತಿಕೊಳ್ಳುತ್ತಿದ್ದ ಎನ್ನುವವರೆಗೆ ಮಾತು ಹೋಯಿತು. ಮರುದಿನ ಅಣ್ಣ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ. ಅಣ್ಣ ಸುತ್ತಿಟ್ಟ ಚುಟ್ಟಾಗಳ ಒಂದು ಪೆಟ್ಟಿಗೆ ತಮ್ಮನ ಬಳಿ ಉಳಿಯಿತು. ಅವನು ಅದನ್ನು ಮಾರಲಿಲ್ಲ, ಸೇದಲೂ ಇಲ್ಲ. ಅಟ್ಟಕ್ಕೆ ಎಸೆದ.

ಅಣ್ಣನ ಬೀದಿಗೆ ಅವನು ಕಾಲಿಡಲಿಲ್ಲ. ಕೆಲಸ ಆ ಕಡೆಗೇ ಇದ್ದರೂ ಊರನ್ನೇ ಬಳಸಿಕೊಂಡು ಹೋಗುತ್ತಿದ್ದ. ಬಳಸಿ ಬಳಸಿ ಊರ ಸುತ್ತ ಒಂದು ರಸ್ತೆಯೇ ಆಗಿಹೋಯಿತು. ಈಗಲೂ ಗಾಡಿಗಳು ಅದರಲ್ಲೇ ಓಡಾಡುತ್ತವೆ.

ಇಬ್ಬರ ಕೂದಲೂ ಬೆಳ್ಳಗಾಯಿತು. ಒಂದು ಚಳಿಗಾಲದಲ್ಲಿ ತಮ್ಮನಿಗೆ ಸುದ್ದಿ ಬಂತು. ಅಣ್ಣನ ಕೈ ನಡುಗುತ್ತಿದೆ, ಚುಟ್ಟಾ ಸುತ್ತುವುದನ್ನು ಬಿಟ್ಟಿದ್ದಾನೆ. ಹೊಳೆಯ ಮೇಲಿನ ಮಂಜು ಹರಿದೊಡನೆ ದೋಣಿ ಹತ್ತಿ ದೂರದ ಮಗಳ ಊರಿಗೆ ಹೋಗುತ್ತಾನೆ. ಮತ್ತೆ ಬರುವುದಿಲ್ಲ.

ಹೋಗಿ ನೋಡಬೇಕೆಂದು ತಮ್ಮನಿಗೆ ಅನಿಸಿತು. ಬರಿಗೈಯಲ್ಲಿ ಹೇಗೆ ಹೋಗುವುದು ಎಂದೂ ಅನಿಸಿತು. ಅಣ್ಣನೇ ಸುತ್ತಿದ ಒಂದು ಚುಟ್ಟಾ ಒಯ್ದು, ಮೊದಲ ದಮ್ಮು ನಿನ್ನದು ಎಂದರೆ ಸಾಕು, ಬೇರೆ ಮಾತು ಬೇಡ. ಹೀಗೆ ಯೋಚಿಸಿ ಅವನು ಅಟ್ಟ ಹತ್ತಿ ಪೆಟ್ಟಿಗೆ ತೆರೆದ. ಎಲೆಯೆಲ್ಲ ಒಣಗಿ ಸೀಳಿಹೋಗಿತ್ತು. ಒಂದನ್ನು ಎತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಸೀಳಿದ್ದರೇನಂತೆ ಎಂದು ಇನ್ನೊಂದನ್ನು ಹಚ್ಚಿ ನೋಡಿದ. ಸೀಳುಸೀಳಿನಿಂದಲೂ ಹೊಗೆ ಹೊರಟಿತು. ಬೆರಳುಗಳಿಂದ ಮುಚ್ಚಿ ಮುಚ್ಚಿ ಸೇದಿದ. ಒಳಗಿನಿಂದ ಕೊಳಲಿನಂತೆ ರಾಗ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಎಮ್ಮೆ ನಿಂತು ಪೂರ್ತಿ ಕೇಳಿಕೊಂಡು ಹೋಯಿತು. ರಾಗ ಚೆನ್ನಾಗಿತ್ತು, ದಮ್ಮು ಮಾತ್ರ ಬರಲಿಲ್ಲ.

ಮತ್ತೊಂದಕ್ಕೆ ಅಂಟು ಮೆತ್ತಿದ. ಅದು ಎಷ್ಟು ಬಿಗಿಯಾಯಿತೆಂದರೆ, ಅವನು ಜೋರಾಗಿ ಎಳೆದಾಗ ಪಕ್ಕದ ಮನೆಯ ದೀಪ ಆರಿತು, ಚುಟ್ಟಾ ಹತ್ತಲಿಲ್ಲ.

ಉಳಿದವುಗಳಲ್ಲಿ ಹೆಚ್ಚಿನವನ್ನು ನೀರಿನಲ್ಲಿ ಅದ್ದಿದ. ಅವು ಉಬ್ಬಿ ಒಡೆದುಹೋದವು. ಆ ನೀರನ್ನು ಬದನೆಗಿಡಕ್ಕೆ ಸುರಿದ. ಹುಳವೆಲ್ಲ ಓಡಿತು. ಆದರೆ ಕಾಯಿ ಕೊಯ್ಯಲು ಹೋದಾಗಲೆಲ್ಲ ಗಿಡ ಕೆಮ್ಮುತ್ತಿತ್ತು. ಪುಡಿಯಾದದ್ದನ್ನು ಕಂಬಳಿಯ ಮಡಿಕೆಯಲ್ಲಿ ಹಾಕಿಟ್ಟ. ನುಸಿ ಬರಲಿಲ್ಲ, ನಿದ್ದೆಯೂ ಬರಲಿಲ್ಲ.

ಕೊನೆಗೆ ಅವನು ಪೆಟ್ಟಿಗೆ ಹಿಡಿದುಕೊಂಡು, ಚುಟ್ಟಾ ಸುತ್ತುವ ಮುದುಕಿಯೊಬ್ಬಳ ಬಳಿ ಹೋದ. ಅವಳು ಒಡೆದ ಒಂದನ್ನು ಎತ್ತಿ ಹಿಡಿದಳು.

"ಇದಕ್ಕೆ ಸ್ನಾನ ಮಾಡಿಸಿದೆಯೇನಪ್ಪಾ? ಬಾಣಂತಿ ಕೂಸಿಗೂ ಇಷ್ಟು ನೀರು ಹುಯ್ಯುವುದಿಲ್ಲ."

"ಬೇಗ ಮೆತ್ತಗಾಗಲಿ ಅಂತ ಹಾಕಿದೆ, ಅಜ್ಜಿ."

"ಎಲೆಗೆ ನೀರು ಕುಡಿಸಬಾರದು. ನೀರಿನ ಹತ್ತಿರ ಮಲಗಿಸಬೇಕು, ಅದೇ ಕುಡಿಯುತ್ತದೆ. ಮಡಕೆಯಲ್ಲಿ ಅರ್ಧ ನೀರು ಹಾಕು. ಮೇಲೆ ಬಟ್ಟೆಯದೊಂದು ತೊಟ್ಟಿಲು ಕಟ್ಟಿ ಅದರಲ್ಲಿ ಇಡು. ದಿನವೂ ಸ್ವಲ್ಪ ಬಗ್ಗಿಸಿ ನೋಡು. ಚಿಟಿಕ್ ಎಂದರೆ ಇನ್ನೂ ಸಿಟ್ಟಿನಲ್ಲಿದೆ ಅಂತ ತಿಳಿ. ಸುಮ್ಮನಿದ್ದರೆ ಸೀಳಿಗೆ ಹೊಸ ಎಲೆಯ ತೇಪೆ ಹಾಕು. ಅಂಟಿಗೆ ಗಂಜಿ ಬೆರಳ ತುದಿಯಷ್ಟೇ."

"ಅಷ್ಟರಲ್ಲಿ ಮಂಜು ಹರಿದುಬಿಟ್ಟರೆ?"

"ಅದನ್ನು ಮಂಜಿಗೆ ಕೇಳು. ನಾನು ಸುತ್ತುವುದು ಎಲೆ."

ತಮ್ಮ ಉಳಿದ ಚುಟ್ಟಾಗಳನ್ನು ತೊಟ್ಟಿಲಿಗೆ ಹಾಕಿ, ಮಡಕೆಯನ್ನು ಕಿಟಕಿಯಲ್ಲಿಟ್ಟ. ಬೆಳಗಾದರೆ ಹೊಳೆಯ ಮಂಜು ಒಳಗೆ ಬಂದು ಮಡಕೆಯ ಸುತ್ತ ಕೂರುತ್ತಿತ್ತು. ಹಳೆಯ ಎಲೆಯ ವಾಸನೆ ಮೆಲ್ಲಗೆ ಎದ್ದು ಮನೆ ತುಂಬಿತು, ಬೀದಿ ತುಂಬಿತು. ಊರಿಗೆ ಊರೇ ತೂಕಡಿಸತೊಡಗಿತು. ತಕ್ಕಡಿ ಹಿಡಿದವನು ಹಿಡಿದಂತೆಯೇ ಕಣ್ಣು ಮುಚ್ಚಿದ. ಹಾರುತ್ತಿದ್ದ ಕೊಕ್ಕರೆ ರೆಕ್ಕೆ ಬಡಿಯುವುದನ್ನು ಮರೆಯಿತು, ಆದರೂ ಬೀಳಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಅಣ್ಣಂದಿರ ಕನಸು ಬಿತ್ತು. ಅಣ್ಣ ಇಲ್ಲದವರು ಬೇರೆಯವರ ಅಣ್ಣನನ್ನು ಕನಸಿನಲ್ಲಿ ಎರವಲು ತಂದರು.

ತಮ್ಮನೂ ಮಡಕೆಯ ಪಕ್ಕದಲ್ಲಿ ಕೂತು ಕನಸು ಕಂಡ. ಕನಸಿನಲ್ಲಿ ಅಣ್ಣ ಹೊಳೆಯನ್ನೇ ಎಲೆಯಂತೆ ತೊಡೆಯ ಮೇಲೆ ಹರಡಿ ಸುತ್ತುತ್ತಿದ್ದ. ಮೀನು, ದೋಣಿ, ಆಚೆ ದಡದ ದೀಪ ಎಲ್ಲ ಅದರೊಳಗೆ ಸುರುಳಿಯಾಗಿ ಸೇರಿಕೊಂಡವು. ಅಣ್ಣ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಹಚ್ಚು ಎಂದು ಚಾಚಿದ. ತಮ್ಮನ ಬಳಿ ಕಡ್ಡಿ ಇರಲಿಲ್ಲ. ಎಚ್ಚರವಾದಾಗ ಚುಟ್ಟಾ ಬಗ್ಗಿಸಿ ನೋಡಿದ. ಚಿಟಿಕ್ ಎಂದಿತು.

ಹೀಗೆ ಒಂದೊಂದೇ ಮುರಿದು ಕೊನೆಗೆ ಒಂದು ಉಳಿಯಿತು. ಅದು ಬಗ್ಗಿತು, ಸದ್ದು ಮಾಡಲಿಲ್ಲ. ಅವನು ತೇಪೆ ಹಾಕಿದ. ತಲೆಯೆತ್ತಿ ನೋಡಿದರೆ ಕಿಟಕಿಯಾಚೆ ಹೊಳೆ ಕಾಣುತ್ತಿತ್ತು. ಮಂಜು ಹರಿದಿತ್ತು. ದೋಣಿ ದಡಕ್ಕೆ ಬಂದು ನಿಂತಿತ್ತು.

ತಮ್ಮ ಚುಟ್ಟಾವನ್ನು ಅಂಗೈಗಳ ನಡುವೆ ಇಟ್ಟುಕೊಂಡು, ಊರನ್ನು ಬಳಸದೆ, ನೇರವಾಗಿ ಅಣ್ಣನ ಬೀದಿಗೆ ನಡೆದ. ಮನೆಯ ಬಾಗಿಲು ಬಡಿದ. ಬಾಗಿಲು ತೆರೆಯಿತು. ಅಣ್ಣ ಗಂಟು ಕಟ್ಟಿಕೊಂಡು ನಿಂತಿದ್ದ.

ತಮ್ಮ ಚುಟ್ಟಾ ಮುಂದೆ ಹಿಡಿದ. ಅಣ್ಣ ಅದನ್ನು ನಡುಗುವ ಬೆರಳಲ್ಲಿ ತಿರುಗಿಸಿ ನೋಡಿದ.

"ಇದಕ್ಕೆ ತೇಪೆ ಹಾಕಿದವರು ಯಾರು?"

"ನಾನೇ ಅಣ್ಣ."

"ಅದಕ್ಕೇ ಹೀಗೆ ಸೊಟ್ಟಗಿದೆ. ಕಡ್ಡಿ ತಂದಿದ್ದೀಯಾ?"

"ಮರೆತೆ."

ಅಣ್ಣ ಒಳಗೆ ಹೋಗಿ ಒಲೆಯಿಂದ ಒಂದು ಕೆಂಡ ತಂದ. ಇಬ್ಬರೂ ದಂಡೆಗೆ ಹೋಗಿ ಕೂತರು. ಮೊದಲ ದಮ್ಮು ನಿನ್ನದು ಎಂದು ಒಬ್ಬರಿಗೊಬ್ಬರು ಚಾಚಿ ಚಾಚಿ, ಅರ್ಧ ಬೆರಳಿನಷ್ಟು ಚುಟ್ಟಾ ಹಾಗೆಯೇ ಉರಿದುಹೋಯಿತು. ಉಳಿದದ್ದನ್ನು ಸೇದಿದರು. ಹೊಗೆ ನೀರಿನ ಮೇಲೆ ಮಲಗಿ ಆಚೆ ದಡಕ್ಕೆ ಹೋಯಿತು. ಆಚೆಯವರು ನಡುಹಗಲಿನಲ್ಲಿ ದೀಪ ಹಚ್ಚಿದರು. ಅಂಬಿಗ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಚುಟ್ಟಾ ಮುಗಿಯುವವರೆಗೆ ಕಾದ.

ಚುಟ್ಟಾ ಮುಗಿಯಿತು. ಅಣ್ಣ ದೋಣಿ ಹತ್ತಿ ಹೋದ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ ಕೈಮುಗಿದ.

"ತಿಳಿಯಿತು ಗುರುಗಳೇ. ಎಲೆಯ ಹಾಗೆ ಮನಸ್ಸೂ ತಾನಾಗಿ ಮೆತ್ತಗಾಗಬೇಕು. ಅಲ್ಲಿಯವರೆಗೆ ನಾನು ತಾಳ್ಮೆಯಿಂದ ಕಾಯಬೇಕು. ಮೊದಲು ಸಿದ್ಧಮಾಡಿಕೊಳ್ಳಬೇಕಾದದ್ದು ತಾಳ್ಮೆ."

ಗುರುಗಳು ಮೆಟ್ಟಿಲಿನಿಂದ ಎದ್ದು ಪಂಚೆ ಕೊಡವಿಕೊಂಡರು.

"ಎಮ್ಮೆ, ಕೊಕ್ಕರೆ, ಕೆಮ್ಮುವ ಬದನೆಗಿಡ ಎಲ್ಲ ನಿಜ ಕಣಯ್ಯಾ, ತಮ್ಮ ಬಾಗಿಲು ಬಡಿದ ಎಂದೆನಲ್ಲ, ಅದೊಂದು ಸಣ್ಣ ವಿವರ ಮಾತ್ರ ನಾನೇ ಸೇರಿಸಿದ್ದು, ಅಣ್ಣ ಆ ಮನೆಗೆ ಹೋದ ದಿನದಿಂದ ಅದರ ಬಾಗಿಲು ಮುಚ್ಚಿರಲೇ ಇಲ್ಲ."